ಕಿರುಚುವ ಕಂಪ್ಯೂಟರ್ ಗಟ್ಟಿ ಕಂಪ್ಯೂಟರ್ ಅಲ್ಲ

ನಮ್ಮ ಕಡೆ ಒಂದು ನಂಬಿಕೆ ಇದೆ. ಸದ್ದು ಮಾಡಿದರೆ ಶಕ್ತಿ ಇದೆ ಅಂತ. ಬೈಕಿನ ಸೈಲೆನ್ಸರ್ ಬಿಚ್ಚಿಸಿ ಓಡಿಸುವವರು, ಜಾತ್ರೆಯಲ್ಲಿ ಎದೆ ನಡುಗುವಂತೆ ಡಿಜೆ ಹಾಕಿಸುವವರು, ಮೈಕನ್ನು ಬಾಯೊಳಗೇ ಇಟ್ಟುಕೊಂಡು ಭಾಷಣ ಮಾಡುವವರು, ಎಲ್ಲರೂ ಈ ನಂಬಿಕೆಯ ಭಕ್ತರೇ. ಈಗ ಅದು ಕಂಪ್ಯೂಟರ್ ಪೆಟ್ಟಿಗೆಯೊಳಗೂ ಹೊಕ್ಕಿದೆ. ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗನ ಮೆಷಿನ್ ಹಿಟ್ಟಿನ ಗಿರಣಿಯಂತೆ ಕೂಗುತ್ತಿದ್ದರೆ, ನೋಡಲು ಬಂದವರು ‘ಭಾರೀ ಮೆಷಿನ್ ಬಿಡಪ್ಪ’ ಅನ್ನುತ್ತಾರೆ. ಹುಡುಗನೂ ಹಿಗ್ಗುತ್ತಾನೆ.

ನಾವು ಇದನ್ನು ಒಪ್ಪುವುದಿಲ್ಲ. ಕಿರುಚುವ ಕಂಪ್ಯೂಟರ್ ಶಕ್ತಿ ತೋರಿಸುತ್ತಿಲ್ಲ. ಒಳಗಿನ ಬಿಸಿಯನ್ನು ಹೊರಗೆ ಹಾಕಲಾಗದೆ ಒದ್ದಾಡುತ್ತಿದೆ. ಆ ಒದ್ದಾಟವನ್ನೇ ಶಕ್ತಿ ಎಂದು ತಿಳಿದವರಿಗೆ, ಪಟ್ಟಣದ ಅಂಗಡಿಯವರು ಬಣ್ಣದ ಲೈಟು ಮಿನುಗುವ ದುಬಾರಿ ಕೂಲರ್ ಮಾರಿ ಕಳಿಸುತ್ತಿದ್ದಾರೆ. ಈ ವ್ಯಾಪಾರದ ಬಗ್ಗೆ ಯಾರಾದರೂ ಬಾಯಿ ಬಿಡಬೇಕು. ನಾವೇ ಬಿಡುತ್ತೇವೆ.

ಹಳ್ಳಿಯವರಿಗೆ ಸದ್ದಿಲ್ಲದ ಕಂಪ್ಯೂಟರ್ ಯಾಕೆ?

ಈ ಮಾತು ಎತ್ತಿದ ಕೂಡಲೇ ಕೆಲವರು ನಗುತ್ತಾರೆ. ಹೊರಗೆ ಟ್ರ್ಯಾಕ್ಟರ್, ಪಕ್ಕದಲ್ಲಿ ಗಿರಣಿ, ಎದುರಿಗೆ ಗುಡಿಯ ಮೈಕು. ಇದರ ನಡುವೆ ಕಂಪ್ಯೂಟರ್ ಫ್ಯಾನಿನ ಸದ್ದು ಯಾರಿಗೆ ಕೇಳುತ್ತದೆ ಎಂಬ ಪ್ರಶ್ನೆ.

ರಾತ್ರಿ ಹತ್ತರ ಮೇಲೆ ಕೇಳುತ್ತದೆ. ನಮ್ಮಂಥವರ ಕೆಲಸ ಶುರುವಾಗುವುದೇ ಆಗ. ನಮ್ಮ ಮನೆಗಳಲ್ಲಿ ಕಂಪ್ಯೂಟರಿಗೆ ಬೇರೆ ಕೋಣೆ ಇರುವುದಿಲ್ಲ. ಪಡಸಾಲೆಯ ಒಂದು ಮೂಲೆಯಲ್ಲಿ ಟೇಬಲ್ಲು. ಅದೇ ಪಡಸಾಲೆಯಲ್ಲಿ ಅಜ್ಜಿ ಮಲಗಿರುತ್ತಾಳೆ, ಎಸ್‌ಎಸ್‌ಎಲ್‌ಸಿ ಓದುವ ತಂಗಿ ಪುಸ್ತಕ ಹಿಡಿದು ಕೂತಿರುತ್ತಾಳೆ, ತೊಟ್ಟಿಲಲ್ಲಿ ಕೂಸು ಇರುತ್ತದೆ. ನಗರದವರು ಕಂಪ್ಯೂಟರನ್ನು ಇನ್ನೊಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳಬಹುದು. ನಮಗೆ ಆ ಬಾಗಿಲೇ ಇಲ್ಲ. ಹಾಗಾಗಿ ಸದ್ದಿಲ್ಲದ ಮೆಷಿನ್ ಅವರಿಗಿಂತ ನಮಗೇ ಹೆಚ್ಚು ಬೇಕು.

ಹೊಟ್ಟೆಪಾಡಿನ ಮಾತು ಬೇರೆ ಇದೆ. ಸುದ್ದಿಗೆ ದನಿ ಕೊಡುವವರು, ಯೂಟ್ಯೂಬಿಗೆ ಕೃಷಿ ವಿಡಿಯೊ ಮಾಡುವವರು, ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳುವವರು ಮೈಕ್ ಹಿಡಿಯುವುದು ಇದೇ ಪೆಟ್ಟಿಗೆಯ ಪಕ್ಕದಲ್ಲಿ. ನಮ್ಮ ಕಿವಿಗೆ ಅಭ್ಯಾಸವಾಗಿರುವ ಗುಂಯ್ ಶಬ್ದ ಮೈಕಿಗೆ ಅಭ್ಯಾಸವಾಗಿರುವುದಿಲ್ಲ. ಅದು ಮಾತಿನ ಜೊತೆಗೇ ರೆಕಾರ್ಡ್ ಆಗುತ್ತದೆ. ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆಯಲು ಹೋದರೆ ದನಿಯೂ ತಗಡಿನಂತಾಗುತ್ತದೆ. ಡೆಸ್ಕಿನವರು ‘ಆಡಿಯೊ ಸರಿ ಇಲ್ಲ’ ಎಂದು ವಾಪಸ್ ಕಳಿಸಿದರೆ ಸ್ಟ್ರಿಂಗರಿಗೆ ಆ ದಿನದ ದುಡ್ಡಿಲ್ಲ.

ಒಂದು ಪರೀಕ್ಷೆ ಇದೆ. ಈಗಲೇ ಮಾಡಿ. ಕಂಪ್ಯೂಟರಿನಲ್ಲಿ ಒಂದು ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿ. ನೀವು ಕೂರುವ ಜಾಗದಲ್ಲಿ ಫೋನ್ ಇಟ್ಟು ಅರ್ಧ ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿ. ನಿಮ್ಮ ಮಾತಿನ ಹಿಂದೆ ಏನು ಕೇಳುತ್ತದೋ, ಈ ಲೇಖನ ಅದರ ವಿರುದ್ಧ.

ಮೊದಲು ಬೀಗ ನೋಡಿ

ಓವರ್‌ಕ್ಲಾಕಿಂಗ್ ಅಂದರೆ ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ಎತ್ತಿಗೆ ಬಾರುಕೋಲು ತೋರಿಸಿದ ಹಾಗೆ. ಮಿತವಾಗಿ ಮಾಡಿದರೆ ಸ್ವಲ್ಪ ಲಾಭ ಇದೆ. ಆದರೆ ಎಲ್ಲ ಪ್ರೊಸೆಸರುಗಳೂ ಇದಕ್ಕೆ ಒಪ್ಪುವುದಿಲ್ಲ. ಅಂಗಡಿಯಲ್ಲಿ ಹೇಳದೆ ಬಿಡುವ ಮಾತು ಇದೇ.

ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಕೆ’ ಅಕ್ಷರ ಇದ್ದು, ಮದರ್‌ಬೋರ್ಡಿನ ಹೆಸರಿನಲ್ಲಿ ‘ಝಡ್’ ಇದ್ದರೆ ಮಾತ್ರ ವೇಗ ಏರಿಸುವ ದಾರಿ ಸರಿಯಾಗಿ ತೆರೆದಿರುತ್ತದೆ ಎಂದು ತಿಳಿಯಿರಿ. 2022ರ ಜನವರಿಯಲ್ಲಿ ಬಂದ ಐ5-12400 ಒಳ್ಳೆಯ ಪ್ರೊಸೆಸರ್. ಆದರೆ ಅದಕ್ಕೆ ಬೀಗ ಹಾಕಿದೆ. ಎಎಂಡಿಯಲ್ಲಿ ಬಹುತೇಕ ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಬೀಗ ಇಲ್ಲ. ಆದರೆ ಬೋರ್ಡ್ ಬಿ450, ಬಿ550 ಥರದ್ದಾಗಿರಬೇಕು. ಎ320, ಎ520 ಬೋರ್ಡುಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗಿಗೆ ಅವಕಾಶ ಕೊಟ್ಟಿಲ್ಲ.

ನಮ್ಮ ಬಳಗದವರೊಬ್ಬರು ಜಿಲ್ಲಾ ಕೇಂದ್ರದ ಅಂಗಡಿಯೊಂದಕ್ಕೆ ಹೋಗಿದ್ದರು. ಅವರದು ಬೀಗ ಹಾಕಿದ ಪ್ರೊಸೆಸರ್, ಕಡಿಮೆ ದರದ ಬೋರ್ಡ್. ‘ಓವರ್‌ಕ್ಲಾಕ್ ಮಾಡೋದಾದ್ರೆ ಇದೇ ಬೇಕ್ರೀ’ ಎಂದು ಎರಡು ಫ್ಯಾನಿನ ಲಿಕ್ವಿಡ್ ಕೂಲರನ್ನು ಅವರ ಮುಂದೆ ಇಟ್ಟರು. ಆ ಮೆಷಿನ್ ಓವರ್‌ಕ್ಲಾಕ್ ಆಗುವುದೇ ಇಲ್ಲ ಎಂಬ ಮಾತು ಆ ಅಂಗಡಿಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ವ್ಯಾಪಾರ ಇದು.

ಲಾಭ ಎಷ್ಟು, ಬಿಸಿ ಎಷ್ಟು

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ರೈಜನ್ 5 3600. 2019ರ ಜುಲೈನಲ್ಲಿ ಬಂದದ್ದು. ಆರು ಕೋರ್, ಹನ್ನೆರಡು ಥ್ರೆಡ್. ಡಬ್ಬಿಯ ಮೇಲೆ 65 ವಾಟ್ ಅಂತ ಇದ್ದರೂ, ಪೂರ್ತಿ ಕೆಲಸ ಕೊಟ್ಟರೆ 88 ವಾಟ್‌ವರೆಗೆ ಎಳೆಯಲು ಅದಕ್ಕೆ ಅನುಮತಿ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಎಡಿಟಿಂಗ್ ಹುಡುಗರ ಕೈಯಲ್ಲಿ ಇಂಥವೇ ಹೆಚ್ಚು.

ಇದು ಎಲ್ಲ ಕೋರ್‌ಗಳಿಗೂ ಕೆಲಸ ಬಿದ್ದಾಗ ಸುಮಾರು 4 ಗಿಗಾಹರ್ಟ್ಸ್ ಹತ್ತಿರ ಓಡುತ್ತದೆ ಅಂದುಕೊಳ್ಳಿ. ನೀವು ಅದನ್ನು 4.2ಕ್ಕೆ ಏರಿಸಿದಿರಿ. ನೂರಕ್ಕೆ ಐದು ಹೆಚ್ಚಾಯಿತು. ಒಂದು ಗಂಟೆಯ ಎಕ್ಸ್‌ಪೋರ್ಟ್ 57 ನಿಮಿಷಕ್ಕೆ ಮುಗಿಯುತ್ತದೆ. ಉಳಿದದ್ದು ಮೂರು ನಿಮಿಷ. ಎಕ್ಸ್‌ಪೋರ್ಟ್ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್ ಮಾಡುತ್ತಿದ್ದರೆ ಅಷ್ಟೂ ಸಿಗದು.

ಬಿಸಿಯ ಲೆಕ್ಕ ಬೇರೆ. ಪ್ರೊಸೆಸರಿನ ಬಿಸಿ ವೇಗದ ಜೊತೆ ನೇರವಾಗಿ ಏರುತ್ತದೆ. ಆದರೆ ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹೆಚ್ಚು ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕು. 1.2 ವೋಲ್ಟ್ ಇದ್ದದ್ದನ್ನು 1.3 ಮಾಡಿ, ವೇಗವನ್ನು ನೂರಕ್ಕೆ ಐದು ಏರಿಸಿದರೆ ಬಿಸಿ ಸುಮಾರು ನೂರಕ್ಕೆ 23ರಷ್ಟು ಏರುತ್ತದೆ. 80 ವಾಟ್ ಇದ್ದದ್ದು 98 ದಾಟುತ್ತದೆ. ಐದು ಪಾಲು ಕೆಲಸಕ್ಕೆ ಇಪ್ಪತ್ತಮೂರು ಪಾಲು ಬಿಸಿ. ಈ ಲೆಕ್ಕವನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಅದಕ್ಕೇ ನಾವು ‘ಮಿತವಾಗಿ’ ಎಂಬ ಮಾತಿಗೆ ಒತ್ತು ಕೊಡುವುದು. ಇಂಥ ರೈಜನ್‌ಗಳಲ್ಲಿ ಕೈಯಿಂದ ಸೆಟ್ ಮಾಡುವಾಗ 1.3 ವೋಲ್ಟ್ ದಾಟಿಸಬಾರದು ಎಂಬುದು ನಮ್ಮ ಬಳಗದ ನಿಯಮ. ಅದರೊಳಗೆ ಎಷ್ಟು ವೇಗ ಸ್ಥಿರವಾಗಿ ನಿಲ್ಲುತ್ತದೋ ಅಷ್ಟೇ ಸಾಕು. ಇನ್ನೂ ಮೇಲಕ್ಕೆ ಹೋಗುವವರು ಕೊನೆಯ ಒಂದು ಹಿಡಿ ರಾಗಿಗಾಗಿ ಇಡೀ ಕಣಕ್ಕೆ ಬೆಂಕಿ ಹಚ್ಚಿದ ಹಾಗೆ. ಓವರ್‌ಕ್ಲಾಕಿಂಗಿನಿಂದ ಹಾಳಾದ ಪ್ರೊಸೆಸರಿಗೆ ವಾರಂಟಿ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

‘ಹಾಗಾದರೆ ಓವರ್‌ಕ್ಲಾಕೂ ಬೇಡ, ಕೂಲರೂ ಬೇಡ, ಸುಮ್ಮನಿರೋಣ’ ಅಂತ ನೀವು ಕೇಳಬಹುದು. ಅರ್ಧ ಒಪ್ಪುತ್ತೇವೆ. ನಿಮ್ಮ ಕೆಲಸ ಟೈಪಿಂಗ್, ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದಾದರೆ ಸುಮ್ಮನಿರಿ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಮೊದಲು ಜೋಡಿ ಮಾಡಿ. ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿ. ಓವರ್‌ಕ್ಲಾಕಿಂಗಿಗಿಂತ ಅವುಗಳಿಂದಲೇ ಹೆಚ್ಚು ಅನುಕೂಲ. ಆದರೆ ದಿನಕ್ಕೆ ನಾಲ್ಕೈದು ಗಂಟೆ ಎಡಿಟಿಂಗ್ ಮಾಡುವವರಿಗೆ ಒಳ್ಳೆಯ ಕೂಲರ್ ಬೇಕೇ ಬೇಕು, ಓವರ್‌ಕ್ಲಾಕ್ ಮಾಡದಿದ್ದರೂ ಬೇಕು. ಯಾಕೆಂದರೆ ಪ್ರೊಸೆಸರ್ ಜೊತೆ ಬರುವ ಕೂಲರ್ ನಮ್ಮ ಬೇಸಿಗೆಗೆ ಸಾಲದು.

ನಮ್ಮ ಬೇಸಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಮರ್ಶೆಗಳು

ಗಾಳಿಯ ಕೂಲರೇ ಇರಲಿ, ನೀರಿನ ಕೂಲರೇ ಇರಲಿ, ಕೋಣೆಯ ಉಷ್ಣತೆಗಿಂತ ಕೆಳಕ್ಕೆ ಪ್ರೊಸೆಸರನ್ನು ತಣಿಸಲಾರದು. ಅದು ಮಾಡುವುದಿಷ್ಟೇ: ಕೋಣೆಗಿಂತ ಪ್ರೊಸೆಸರ್ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಬೇಕು ಎಂಬುದನ್ನು ಕಡಿಮೆ ಮಾಡುವುದು.

ಇಂಟರ್ನೆಟ್ಟಿನ ವಿಮರ್ಶೆಗಳು ಸಾಮಾನ್ಯವಾಗಿ 20ರಿಂದ 25 ಡಿಗ್ರಿಯ ಕೋಣೆಯಲ್ಲಿ ನಡೆಯುತ್ತವೆ. ಒಂದು ಕೂಲರ್ ಪ್ರೊಸೆಸರನ್ನು ಕೋಣೆಗಿಂತ 45 ಡಿಗ್ರಿ ಮೇಲೆ ಹಿಡಿದಿಡುತ್ತದೆ ಅನ್ನಿ. 22 ಡಿಗ್ರಿಯ ಕೋಣೆಯಲ್ಲಿ ಅದು 67 ಡಿಗ್ರಿ ತೋರಿಸುತ್ತದೆ. ವಿಮರ್ಶಕರು ಶಭಾಷ್ ಅನ್ನುತ್ತಾರೆ. ಅದೇ ಕೂಲರನ್ನು ಏಪ್ರಿಲ್ ಕೊನೆಗೆ ರಾಯಚೂರಿಗೋ ಕಲಬುರಗಿಗೋ ತನ್ನಿ. ಪಾದರಸ 40 ದಾಟುವ ಊರುಗಳು. ತಗಡಿನ ಮಾಡಿನ ಕೋಣೆಯಲ್ಲಿ 42 ಇದ್ದರೆ ಪ್ರೊಸೆಸರ್ 87ಕ್ಕೆ ಬಂದು ನಿಲ್ಲುತ್ತದೆ. ರೈಜನ್ 5 3600ಕ್ಕೆ ಕಂಪನಿ ಹಾಕಿದ ಮಿತಿ 95. ಉಳಿದದ್ದು ಎಂಟೇ ಡಿಗ್ರಿ. ಪೆಟ್ಟಿಗೆಯೊಳಗೆ ಧೂಳು ಕೂತಿದ್ದರೆ ಅದೂ ಉಳಿಯುವುದಿಲ್ಲ. ಮಿತಿ ಮುಟ್ಟಿದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಪೂರ್ತಿ ವೇಗದಲ್ಲಿ ಕಿರುಚುತ್ತದೆ, ಕೆಲಸ ಮಾತ್ರ ನಿಧಾನವಾಗುತ್ತದೆ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂತ ಹೊರಟು ಎರಡೂ ಕಳಕೊಂಡ ಹಾಗೆ.

ಹೀಗಾಗಿ ಬೆಂಗಳೂರಿನ ಏಸಿ ಕೋಣೆಯಲ್ಲಿ ಕೂತು ‘ಸ್ಟಾಕ್ ಕೂಲರೇ ಸಾಕು’ ಎನ್ನುವವರ ಮಾತನ್ನು ನಾವು ಹಾಗೇ ನುಂಗಬಾರದು. 3600ರ ಜೊತೆ ಬರುವ ರೇಥ್ ಸ್ಟೆಲ್ತ್ ಎಂಬ ಕೂಲರ್ ಒಂದು ಅಲ್ಯೂಮಿನಿಯಂ ಗಟ್ಟಿ, ಅದರ ಮೇಲೊಂದು ಸಣ್ಣ ಫ್ಯಾನ್, ಅಷ್ಟೇ. ತಾಮ್ರದ ಕೊಳವೆ ಒಂದೂ ಇಲ್ಲ. ಮಲೆನಾಡಿನ ಜನವರಿಗೆ ಸಾಕು. ಬಯಲುಸೀಮೆಯ ಏಪ್ರಿಲ್‌ಗೆ ಸಾಲದು.

ತಾಮ್ರದ ಕೊಳವೆ, ದೊಡ್ಡ ಫ್ಯಾನು

ಒಳ್ಳೆಯ ಟವರ್ ಕೂಲರಿನೊಳಗೆ ಏನಿದೆ? ಇಡ್ಲಿ ಪಾತ್ರೆ ನೋಡಿ. ತಳದ ನೀರು ಕುದಿದು ಆವಿಯಾಗಿ ಮೇಲೇರುತ್ತದೆ. ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಕೆಳಗೆ ಬೀಳುತ್ತದೆ. ಕೂಲರಿನ ತಾಮ್ರದ ಕೊಳವೆಯಲ್ಲಿ ನಡೆಯುವುದೂ ಇದೇ. ಒಳಗೆ ಗಾಳಿ ತೆಗೆದು, ಚೂರು ದ್ರವ ಹಾಕಿ, ಎರಡೂ ಕಡೆ ಮುಚ್ಚಿರುತ್ತಾರೆ. ಪ್ರೊಸೆಸರ್ ಬಿಸಿಗೆ ದ್ರವ ಆವಿಯಾಗಿ ರೆಕ್ಕೆಗಳ ಕಡೆ ಓಡುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ತಣಿದು ದ್ರವವಾಗಿ, ಕೊಳವೆಯ ಒಳಮೈಯ ಬತ್ತಿಯಂಥ ಪದರ ಹಿಡಿದು ವಾಪಸ್ ಬರುತ್ತದೆ. ಮೋಟಾರು ಬೇಡ, ಪಂಪು ಬೇಡ, ಸದ್ದೂ ಇಲ್ಲ. ಸದ್ದು ಮಾಡುವುದು ಫ್ಯಾನ್ ಒಂದೇ.

ಫ್ಯಾನಿನ ಸದ್ದಿಗೂ ಲೆಕ್ಕ ಇದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಅರ್ಧದಷ್ಟಾದಂತೆ ಕೇಳುತ್ತದೆ. ವೇಗವನ್ನು ನೂರಕ್ಕೆ ಇಪ್ಪತ್ತು ಕಡಿಮೆ ಮಾಡಿದರೂ ಸುಮಾರು ಐದು ಡೆಸಿಬೆಲ್ ಇಳಿಯುತ್ತದೆ, ಬಿಸಿ ಮಾತ್ರ ಕೆಲವೇ ಡಿಗ್ರಿ ಏರುತ್ತದೆ. ನಮ್ಮ ಇಡೀ ವಾದದ ಬೇರು ಇಲ್ಲಿದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ಕೊಡುವ ಗಾಳಿಯನ್ನು ಸಣ್ಣ ಫ್ಯಾನು ಕಿರುಚಿಕೊಂಡು ಕೊಡಬೇಕು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಕೂಲರಿಗೂ ಸರಿ.

ಆದ್ದರಿಂದ ನೋಡಬೇಕಾದದ್ದು ಇಷ್ಟು: ನಾಲ್ಕಾದರೂ ತಾಮ್ರದ ಕೊಳವೆ, 120 ಮಿಲಿಮೀಟರ್ ಫ್ಯಾನು, ಫ್ಯಾನಿನ ವೈರಿಗೆ ನಾಲ್ಕು ಪಿನ್. ನಾಲ್ಕು ಪಿನ್ ಇದ್ದರೆ ಬೋರ್ಡ್ ಅದರ ವೇಗವನ್ನು ನಾಜೂಕಾಗಿ ಏರಿಸಿ ಇಳಿಸಬಲ್ಲದು. ಬಣ್ಣದ ಲೈಟು ತಣಿಸುವುದೂ ಇಲ್ಲ, ಸದ್ದು ಕಡಿಮೆ ಮಾಡುವುದೂ ಇಲ್ಲ. ಲೈಟಿಗೆ ಕೊಟ್ಟ ದುಡ್ಡು ದೀಪಾವಳಿಯ ಪಟಾಕಿಗೆ ಕೊಟ್ಟ ದುಡ್ಡು.

ಲಿಕ್ವಿಡ್ ಕೂಲರ್ ಎಂಬ ಮದುವೆ ಮಂಟಪ

ಲಿಕ್ವಿಡ್ ಕೂಲರನ್ನು ನಾವು ಶಪಿಸುತ್ತಿಲ್ಲ. ಅದಕ್ಕೂ ಜಾಗ ಇದೆ. ಇಂಟೆಲ್‌ನ ಐ9-13900ಕೆ ಥರದ ಪ್ರೊಸೆಸರ್ 253 ವಾಟ್‌ವರೆಗೆ ಎಳೆಯುತ್ತದೆ. ಅದನ್ನು ದಿನವಿಡೀ ದುಡಿಸುವವರು ದೊಡ್ಡ ರೇಡಿಯೇಟರ್ ಹಾಕಿಕೊಳ್ಳಲಿ. ಆದರೆ ನೂರು ವಾಟ್‌ನ ಆಸುಪಾಸಿನ ನಮ್ಮ ಪ್ರೊಸೆಸರಿಗೆ ಅದು ಯಾತಕ್ಕೆ? ಒಂದೆಕರೆ ಜೋಳಕ್ಕೆ ದೊಡ್ಡ ಕೊಯ್ಲು ಯಂತ್ರ ತರಿಸಿದ ಹಾಗಾಯಿತು.

ಅದರಲ್ಲಿ ಪಂಪ್ ಇದೆ. ಪಂಪ್ ಸದಾ ತಿರುಗುತ್ತಿರುತ್ತದೆ, ಕೆಲಸ ಇಲ್ಲದಾಗಲೂ ಸಣ್ಣಗೆ ಗುಂಯ್‌ಗುಡುತ್ತದೆ. ರೇಡಿಯೇಟರಿಗೆ ಎರಡು ಮೂರು ಫ್ಯಾನು ಬೇರೆ. ವರ್ಷಗಳು ಕಳೆದಂತೆ ಪೈಪಿನ ಗೋಡೆಯ ಮೂಲಕ ದ್ರವ ಚೂರು ಚೂರೇ ಆವಿಯಾಗಿ ಕಡಿಮೆಯಾಗುತ್ತದೆ. ಪಂಪ್ ಕೆಟ್ಟರೆ ಕೂಲರ್ ಪೂರ್ತಿ ಸತ್ತಂತೆ. ಅದನ್ನು ಬಿಚ್ಚಿ ಸರಿ ಮಾಡುವ ಕೈ ನಮ್ಮ ತಾಲ್ಲೂಕಿನಲ್ಲಿಲ್ಲ. ವಾರಂಟಿಗೆ ಕಳಿಸಿದರೆ ಮದುವೆ ಸೀಸನ್ ಮುಗಿಯುವವರೆಗೆ ಕಾಯಬೇಕು. ಟವರ್ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ. 120 ಮಿ.ಮೀ. ಫ್ಯಾನ್ ಎಲ್ಲ ಊರಲ್ಲೂ ಸಿಗುತ್ತದೆ, ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ರಿಪೇರಿಗೆ ದೂರ ಇರುವವರಿಗೆ ಕೆಡುವ ಭಾಗ ಕಡಿಮೆ ಇರುವ ವಸ್ತುವೇ ಒಳ್ಳೆಯ ವಸ್ತು. ಕೊಳವೆಬಾವಿ ಮೋಟಾರು ಕೊಳ್ಳುವಾಗ ನಮ್ಮ ರೈತರು ಇದನ್ನೇ ನೋಡುತ್ತಾರೆ. ಕಂಪ್ಯೂಟರಿಗೆ ಬಂದಾಗ ಆ ಬುದ್ಧಿ ಎಲ್ಲಿ ಹೋಗುತ್ತದೆ?

ಸಂಘದಿಂದ ಸಾಲ ತೆಗೆದು, ತಾಯಿಯ ಕಿವಿಯೋಲೆ ಅಡವಿಟ್ಟು ಮೆಷಿನ್ ಕೊಳ್ಳುವ ಹುಡುಗರಿದ್ದಾರೆ. ಅವರ ಒಂದೊಂದು ಸಾವಿರಕ್ಕೂ ಬೆವರಿನ ಬೆಲೆ ಇದೆ. ಅವರಿಗೆ ಬೇಡದ್ದನ್ನು ಬೇಕು ಎಂದು ನಂಬಿಸಿ ಮಾರುವುದನ್ನು ನಾವು ವ್ಯಾಪಾರ ಅನ್ನುವುದಿಲ್ಲ.

ಯಾವುದು ಕೊಳ್ಳಬೇಕು?

ಹೆಸರು ಕೇಳುತ್ತೀರಿ. ಹೇಳುತ್ತೇವೆ, ಯಾವ ಕಂಪನಿಯೂ ನಮಗೆ ಕಾಸು ಕೊಟ್ಟಿಲ್ಲ.

ಕೂಲರ್ ಮಾಸ್ಟರ್ ಕಂಪನಿಯ ಹೈಪರ್ 212 ಮಾಲಿಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಡವರ ಬಂಧು. ನಾಲ್ಕು ಕೊಳವೆ, ಒಂದು 120 ಮಿ.ಮೀ. ಫ್ಯಾನು. ಡೀಪ್‌ಕೂಲ್ ಎಕೆ400 ಅದೇ ದರ್ಜೆಯದು, ಎತ್ತರ 155 ಮಿ.ಮೀ. ಮಿತವಾದ ಓವರ್‌ಕ್ಲಾಕಿಂಗಿಗೆ ಇವು ಸಾಕು. ಬೇಸಿಗೆ ಕಡುವಾದ ಊರಿನವರು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ನೋಡಬಹುದು: ಎರಡು ಗೋಪುರ, ಆರು ಕೊಳವೆ, ಎರಡು ಫ್ಯಾನು, ಎತ್ತರ 155 ಮಿ.ಮೀ. ಎರಡು ಫ್ಯಾನು ಅಂದರೆ ಎರಡು ಪಟ್ಟು ಸದ್ದು ಎಂದು ಹೆದರಬೇಡಿ. ಒಂದೇ ಥರದ ಎರಡು ಫ್ಯಾನು ಸೇರಿದರೆ ಏರುವುದು ಮೂರೇ ಡೆಸಿಬೆಲ್. ಎರಡನ್ನೂ ನಿಧಾನ ತಿರುಗಿಸಿದರೆ ಒಟ್ಟು ಸದ್ದು ಕಡಿಮೆಯೇ ಆಗುತ್ತದೆ.

ಆಸ್ಟ್ರಿಯಾದ ನಾಕ್ಚುವಾ ಕಂಪನಿಯ ಎನ್‌ಎಚ್-ಯು12ಎಸ್ ಸದ್ದಿನ ವಿಷಯದಲ್ಲಿ ಹೆಸರುವಾಸಿ, ಆರು ವರ್ಷ ವಾರಂಟಿ ಇದೆ, ಬೆಲೆಯೂ ಹಾಗೇ ಇದೆ. ದಿನವೂ ದನಿ ರೆಕಾರ್ಡ್ ಮಾಡುವವರಿಗೆ ಅದು ದುಂದಲ್ಲ. ಅದೇ ಕಂಪನಿಯ ಎನ್‌ಎಚ್-ಡಿ15 ಮಾತ್ರ 165 ಮಿ.ಮೀ. ಎತ್ತರ, ಫ್ಯಾನ್ ಸೇರಿ 1.3 ಕಿಲೊ ತೂಕ. ನಮ್ಮ ಕೆಲಸಕ್ಕೆ ಅಷ್ಟು ಬೇಡ.

ಕೊಳ್ಳುವ ಮುಂಚೆ ಮೂರು ಅಳತೆ ಬರೆದಿಟ್ಟುಕೊಳ್ಳಿ. ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ. 155ರ ಕೂಲರ್ ತಂದು ಬದಿಯ ಬಾಗಿಲು ಮುಚ್ಚದೆ ಒದ್ದಾಡುವವರು ಬಹಳ. ಸಾಕೆಟ್ ಯಾವುದು, ಎಎಂ4ಕ್ಕೆ ಕೂರುವುದರಲ್ಲಿ ಬಹುತೇಕ ಎಎಂ5ಕ್ಕೂ ಕೂರುತ್ತವೆ, ಆದರೆ ಇಂಟೆಲ್‌ನ ಎಲ್‌ಜಿಎ1200ರ ಕ್ಲಾಂಪ್ ಎಲ್‌ಜಿಎ1700ಕ್ಕೆ ಸರಿಹೊಂದುವುದಿಲ್ಲ, ತೂತುಗಳ ಅಂತರವೇ ಬೇರೆ. ಮೂರನೆಯದು, ರ‍್ಯಾಮ್ ಕಡ್ಡಿ ಎತ್ತರದ್ದಾದರೆ ಫ್ಯಾನಿಗೆ ತಾಗುತ್ತದೆಯೇ ಎಂಬುದು.

ಡಬ್ಬಿಯ ಮೇಲಿನ ಡೆಸಿಬೆಲ್ ಅಂಕಿಯನ್ನು ದೇವರ ವಾಕ್ಯ ಎಂದು ನಂಬಬೇಡಿ. ಎಷ್ಟು ದೂರದಲ್ಲಿ, ಯಾವ ವೇಗದಲ್ಲಿ ಅಳೆದದ್ದು ಎಂದು ಬರೆಯದ ಅಂಕಿಗೆ ಅರ್ಥ ಇಲ್ಲ.

ಕೊಂಡರೆ ಮುಗಿಯಲಿಲ್ಲ

ಹಳೆಯ ಕೂಲರ್ ಬಿಚ್ಚುವಾಗ ಎಎಂ4 ಇದ್ದವರು ಹುಷಾರು. ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಜೊತೆಗೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ಆಮೇಲೆ ಎತ್ತಿ. ಹೊಸ ಪೇಸ್ಟ್ ಕಡಲೆಕಾಳಿನಷ್ಟು ಸಾಕು. ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಹಚ್ಚಬೇಡಿ.

ಆಮೇಲೆ ಬಯಾಸ್‌ಗೆ ಹೋಗಿ ಫ್ಯಾನಿನ ವೇಗ ಹೊಂದಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಅಂಗಡಿಯವರು ಮಾಡಿಕೊಡುವುದಿಲ್ಲ. 60 ಡಿಗ್ರಿವರೆಗೆ ನೂರಕ್ಕೆ 40ರಷ್ಟು ವೇಗದಲ್ಲೇ ಇರಲಿ. 75ಕ್ಕೆ 60, 85ಕ್ಕೆ 85, ಅದರ ಮೇಲೆ ಪೂರ್ತಿ. ರೈಜನ್ ಪ್ರೊಸೆಸರುಗಳ ಉಷ್ಣತೆ ಕ್ಷಣಕ್ಕೊಮ್ಮೆ ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಫ್ಯಾನು ಏರಿ ಇಳಿದರೆ ಒಂದೇ ಸಮನೆ ಬರುವ ಸದ್ದಿಗಿಂತ ಅದೇ ಹೆಚ್ಚು ಕಿರಿಕಿರಿ. ಬಯಾಸಿನಲ್ಲಿ ಫ್ಯಾನು ಏರಲು ಕೆಲವು ಸೆಕೆಂಡ್ ತಡ ಮಾಡುವ ಆಯ್ಕೆ ಇದ್ದರೆ ಹಾಕಿ.

ಪೆಟ್ಟಿಗೆಯನ್ನು ಟೇಬಲ್ಲಿನ ಗೂಡಿನಿಂದ ಹೊರಗೆ ತೆಗೆಯಿರಿ. ಗೂಡಿನಲ್ಲಿಟ್ಟರೆ ತಾನು ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಮುಂಭಾಗಕ್ಕೆ ಪೂರ್ತಿ ಗಾಜು ಇರುವ ಪೆಟ್ಟಿಗೆಗಿಂತ ಜಾಲರಿ ಇರುವುದು ಮೇಲು. ಎರಡು ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ರಸ್ತೆಯ ಧೂಳು, ಒಗ್ಗರಣೆಯ ಹೊಗೆ, ಊದುಬತ್ತಿಯ ಹೊಗೆ ಸೇರಿ ರೆಕ್ಕೆಗಳ ನಡುವೆ ಕಂಬಳಿ ಹೊದಿಸುತ್ತವೆ. ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಪೆಟ್ಟಿಗೆಯನ್ನು ಬಸ್ಸಿನಲ್ಲೋ ಬೈಕಿನಲ್ಲೋ ಸಾಗಿಸುವಾಗ ಮದರ್‌ಬೋರ್ಡ್ ಕೆಳಗೆ, ಕೂಲರ್ ಮೇಲಕ್ಕೆ ಇರುವಂತೆ ಮಲಗಿಸಿ. ಇಲ್ಲದಿದ್ದರೆ ನಮ್ಮ ರಸ್ತೆಯ ಗುಂಡಿಗಳಿಗೆ ಕೂಲರಿನ ಭಾರ ಪೂರ್ತಿ ಬೋರ್ಡಿನ ಮೇಲೆ ಜಗ್ಗುತ್ತದೆ.

ಇಷ್ಟಾದ ಮೇಲೂ ಸದ್ದು ಇದ್ದರೆ ಅದು ಗ್ರಾಫಿಕ್ಸ್ ಕಾರ್ಡಿನದೋ, ಪವರ್ ಸಪ್ಲೈನದೋ ಇರಬಹುದು. ಕಿವಿ ಕೊಟ್ಟು ಪತ್ತೆ ಹಚ್ಚಿ, ಆಮೇಲೆ ಜೇಬಿಗೆ ಕೈ ಹಾಕಿ.

ಅಂಗಡಿಯವರಿಗೆ ನಮ್ಮ ಬೇಡಿಕೆ

ಅಣ್ಣಂದಿರೇ, ನಿಮ್ಮ ಹೊಟ್ಟೆಯ ಮೇಲೆ ಹೊಡೆಯುವ ಆಸೆ ನಮಗಿಲ್ಲ. ನಿಮ್ಮ ಅಂಗಡಿಗಳು ಉಳಿಯಬೇಕು. ಪಾರ್ಸೆಲ್‌ನಲ್ಲಿ ಬಂದ ಕೂಲರಿನ ಸ್ಕ್ರೂ ಕಳೆದುಹೋದರೆ ನಾವು ಓಡಿ ಬರುವುದು ನಿಮ್ಮ ಹತ್ತಿರವೇ. ಆದರೆ ಮೂರು ಕೆಲಸ ಮಾಡಿ. ಕೂಲರ್ ಕೊಡುವ ಮುಂಚೆ ಗಿರಾಕಿಯ ಪ್ರೊಸೆಸರ್, ಬೋರ್ಡ್, ಪೆಟ್ಟಿಗೆ ಯಾವುದು ಎಂದು ಕೇಳಿ. ಬೀಗ ಇರುವ ಪ್ರೊಸೆಸರ್ ಆದರೆ ಬೀಗ ಇದೆ ಅಂತ ಬಾಯಿ ಬಿಟ್ಟು ಹೇಳಿ. ಕೂರಿಸಿದ ಮೇಲೆ ಬದಿಯ ಬಾಗಿಲು ಮುಚ್ಚಿ, ಹದಿನೈದು ನಿಮಿಷ ಪೂರ್ತಿ ಕೆಲಸ ಕೊಟ್ಟು, ಉಷ್ಣತೆ ಎಷ್ಟು, ಫ್ಯಾನಿನ ವೇಗ ಎಷ್ಟು ಎಂದು ಗಿರಾಕಿಗೆ ತೋರಿಸಿ. ಎಚ್‌ಡಬ್ಲ್ಯೂಇನ್‌ಫೋ ಎಂಬ ಸಾಫ್ಟ್‌ವೇರ್ ಮನೆ ಬಳಕೆಗೆ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಎರಡೂ ಕಾಣುತ್ತವೆ.

ಓದುಗರಿಗೂ ಒಂದು ಮಾತು. ಇದನ್ನೆಲ್ಲ ಕೇಳಲು ನಾಚಬೇಡಿ. ಅಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ನೋಡುತ್ತೀರಿ. ಹಸು ಕೊಳ್ಳುವಾಗ ಹಲ್ಲು ಎಣಿಸುತ್ತೀರಿ. ಕೂಲರ್ ಕೊಳ್ಳುವಾಗ ಹದಿನೈದು ನಿಮಿಷ ಅಂಗಡಿಯಲ್ಲಿ ನಿಂತು ಅದರ ಸದ್ದು ಕೇಳುವ ಹಕ್ಕು ನಿಮಗಿದೆ. ನಿಲ್ಲಲು ಬಿಡದ ಅಂಗಡಿಯಿಂದ ಹೊರಗೆ ಬನ್ನಿ. ಬಸ್ ಸ್ಟ್ಯಾಂಡಿನ ಆ ಕಡೆ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ.